ಹೊಸ ವರ್ಷದ ಮೊದಲ ಕಿಕ್ಕು

ಅಬೇರತ್ನನ ಬೈಕು ಮೊದಲ ಕಿಕ್ಕಿಗೆ ಸ್ಟಾರ್ಟ್ ಆದದ್ದನ್ನು ಹಪುಗಲ ಊರಿನಲ್ಲಿ ಕಂಡವರಿಲ್ಲ. ಮೊದಲು ಅದು ಕೆಮ್ಮುತ್ತಿತ್ತು, ಆಮೇಲೆ ಸೀನುತ್ತಿತ್ತು, ಅಬೇರತ್ನನ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗಂಟಿದ ಮೇಲೆ ಹೋದರೆ ಹೋಗಲಿ ಎಂಬಂತೆ ಗುಡುಗುತ್ತಿತ್ತು. ಹಳೆಯ ಜಪಾನಿ ಬೈಕು ಅದು, ಡಾಂಬರು ರಸ್ತೆಗೂ ಆಗಬೇಕು, ಕಲ್ಲುಗುಡ್ಡಕ್ಕೂ ಆಗಬೇಕು ಎಂದು ಎತ್ತರಕ್ಕೆ ಕಟ್ಟಿದ್ದು. ಟೀ ತೋಟದ ಶೆಡ್ಡಿನಲ್ಲಿ ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆಯಿಡುತ್ತಿದ್ದ ಕಾಲದಲ್ಲಿ ಅಬೇರತ್ನ ಅದನ್ನು ಮನೆಗೆ ತಂದಿದ್ದ. ಸಹಕಾರಿ ಅಂಗಡಿಯಲ್ಲಿ ಅಕ್ಕಿ ಅಳೆಯುವ ಗುಮಾಸ್ತನಿಗೆ ಬೇರೆ ಚಟವಿರಲಿಲ್ಲ. ಭಾನುವಾರ ಬಂತೆಂದರೆ ಅದರ ಮುಂದೆ ಮಂಡಿಯೂರಿ ಕೂರುತ್ತಿದ್ದ. ದೇವಸ್ಥಾನದಲ್ಲೂ ಅಷ್ಟು ಭಕ್ತಿಯಿಂದ ಕೂತವನಲ್ಲ.

ತೊಂದರೆ ಶುರುವಾದದ್ದು ಹೆಂಡತಿ ಸೋಮಲತಾಳ ಹೊಸ ಸೀರೆಯಿಂದ. ಹಬ್ಬದ ಹಿಂದಿನ ದಿನ ಅವಳನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಬೈಕು ಗುಡ್ಡದ ಕೊನೆಯ ತಿರುವಿನಲ್ಲಿ ನಿಂತಿತು. ಕಿಕ್ ಹೊಡೆದಂತೆಲ್ಲ ಕರಿಹೊಗೆ ಉಗುಳಿತು. ಹಿಂದೆ ಬಸ್ಸು ನಿಂತು, ಬಸ್ಸಿನ ತುಂಬ ಇದ್ದ ಜನ ಕಿಟಕಿಯಿಂದ ಕತ್ತು ಹೊರಹಾಕಿದರು. ಸೋಮಲತಾ ಮಸಿ ಹಿಡಿದ ಸೀರೆಯಲ್ಲಿ ನಡೆದೇ ಮನೆಗೆ ಬಂದಳು.

"ನೋಡ್ರೀ, ನಾಳೆ ಹೊಸ ವರ್ಷದ ಮುಹೂರ್ತಕ್ಕೆ ಒಂದು ಕಿಕ್. ಎರಡಲ್ಲ. ಒಂದೇ ಒಂದು. ಸ್ಟಾರ್ಟ್ ಆದ್ರೆ ಇಲ್ಲೇ ಇರ್ಲಿ. ಆಗ್ಲಿಲ್ಲ ಅಂದ್ರೆ ಲಯನಲ್ ತಗೊಂಡು ಹೋಗ್ತಾನೆ," ಎಂದಳು.

ಲಯನಲ್ ಅವಳ ತಮ್ಮ. ಆಲೂಗಡ್ಡೆ ಲಾರಿ ಓಡಿಸುವವನು. ಆ ಬೈಕಿನ ಮೇಲೆ ಅವನ ಕಣ್ಣು ಬಿದ್ದು ವರ್ಷಗಳೇ ಆಗಿದ್ದವು.

ಬೇಲಿಯಾಚೆ ಕೊಬ್ಬರಿ ತುರಿಯುತ್ತಿದ್ದ ಪಕ್ಕದ ಮನೆಯ ಪೊಡಿ ನೋನಾ ಬೆಂಕಿಗೆ ತನ್ನ ಪಾಲಿನ ಎಣ್ಣೆಯನ್ನೂ ಸುರಿದಳು. "ಅಬೇರತ್ನ ತಮ್ಮಾ, ಮುಹೂರ್ತದಲ್ಲಿ ಕೈ ಯಾವ ಕೆಲಸ ಹಿಡಿಯುತ್ತೋ ವರ್ಷಪೂರ್ತಿ ಅದೇ ಕೆಲಸ. ಆ ಹೊತ್ತಲ್ಲಿ ಸತ್ತ ಬೈಕು ಒದ್ದೆ ಅಂದ್ರೆ ವರ್ಷವೆಲ್ಲ ಒದೀತಾನೇ ಇರ್ತೀಯ, ಹುಷಾರು!"

ಹಬ್ಬದ ದಿನ ಬೆಳಗಿನ ಜಾವದಲ್ಲೇ ಅಬೇರತ್ನ ಬೈಕನ್ನು ತಳ್ಳಿ ಇಳಿಜಾರಿನಲ್ಲಿ ಸ್ಟಾರ್ಟ್ ಮಾಡಿ, ಒಂದು ಸುತ್ತು ಓಡಿಸಿ, ಬಿಸಿಬಿಸಿಯಾಗಿ ಅಂಗಳಕ್ಕೆ ತಂದ. ಕಾರ್ಬುರೇಟರ್ ತೊಳೆದಾಗಿತ್ತು, ಪ್ಲಗ್ ಉಜ್ಜಿಯಾಗಿತ್ತು. ಉಳಿದದ್ದು ವಾಲ್ವ್ ಒಂದೇ. ಇಂಜಿನ್ನಿನ ತಲೆಯ ಮೇಲಿನ ಎರಡು ಮುಚ್ಚಳ ಬಿಚ್ಚಿ, ವಾಲ್ವಿನ ಸಂದಿಗೆ ಎಲೆಯಂಥ ತೆಳ್ಳಗಿನ ಅಳತೆ ಪಟ್ಟಿ ತೂರಿಸಿ, ಸ್ಪ್ಯಾನರ್ ಹಾಕಬೇಕು, ಅಷ್ಟರಲ್ಲಿ ದೇವಸ್ಥಾನದ ಗಂಟೆ ಮೊಳಗಿತು. ಊರೆಲ್ಲ ಪಟಾಕಿ ಢಂ ಎಂದಿತು.

"ಕೆಳಗಿಡು!" ಪೊಡಿ ನೋನಾ ಬೇಲಿಯಿಂದ ಕಿರುಚಿದಳು. "ನೊನಗತೆ ಶುರುವಾಯ್ತು!"

ಹಳೆಯ ವರ್ಷ ಸತ್ತು ಹೊಸದು ಇನ್ನೂ ಕಾಲೂರದ ನಡುವಿನ ಹೊತ್ತು ಅದು. ಒಲೆ ಹಚ್ಚುವಂತಿಲ್ಲ, ತಿನ್ನುವಂತಿಲ್ಲ, ಕಸ ಗುಡಿಸುವಂತಿಲ್ಲ. ದೇವರ ಕೆಲಸ ಬಿಟ್ಟು ಬೇರೆ ಕೆಲಸವೇ ಇಲ್ಲ. ಅಬೇರತ್ನನ ಕೈಯಿಂದ ಸ್ಪ್ಯಾನರ್ ತಾನಾಗಿ ಜಾರಿತು. ಬೈಕು ತಲೆ ತೆರೆದುಕೊಂಡು ಅಂಗಳದಲ್ಲಿ ನಿಂತಿತು. ಇನ್ನು ಸಂಜೆಯವರೆಗೂ ಮುಟ್ಟುವಂತಿರಲಿಲ್ಲ.

"ಒಂದು ಬಟ್ಟೆನಾದ್ರೂ ಮುಚ್ತೀನಿ ಅಕ್ಕಾ, ಧೂಳು ಬೀಳತ್ತೆ."

"ಮುಚ್ಚೋದೂ ಕೆಲಸವೇ."

"ಮಲಗೋವಾಗ ನೀನು ಹೊದ್ಕೊಳ್ಳಲ್ವಾ?"

"ನೀನೂ ಹೊದ್ಕೊಂಡು ಮಲಗು, ಯಾರು ಬೇಡ ಅಂದ್ರು? ಬೈಕಿಗೇನು ಚಳೀನಾ?"

ಒಂದು ಕಾಗೆ ಕೊಕ್ಕಿನಲ್ಲಿ ಕಡ್ಡಿ ಕಚ್ಚಿಕೊಂಡು ಬಂದು ಹ್ಯಾಂಡಲ್ ಮೇಲೆ ಕೂತು, ತೆರೆದ ತೂತನ್ನು ಮನೆ ನೋಡಲು ಬಂದ ಬಾಡಿಗೆದಾರನಂತೆ ಬಗ್ಗಿ ನೋಡಿತು. ಅಬೇರತ್ನ ಹಾಯ್ ಹಾಯ್ ಎಂದು ಕುಣಿದ. ಕಾಗೆ ಓಡಿಸುವುದು ಕೆಲಸವೋ ಅಲ್ಲವೋ ಎಂದು ಬೇಲಿಯಾಚೆ ಬಹಳ ಹೊತ್ತು ಚರ್ಚೆ ನಡೆಯಿತು.

ಅಷ್ಟರಲ್ಲಿ ಲಯನಲ್ ಬಂದ. ಬಂದವನು ಮನೆಯೊಳಗೂ ಹೋಗದೆ ನೇರ ಬೈಕಿನ ಮೇಲೆ ಕೂತ. ಕೂರುವುದು ಕೆಲಸವಲ್ಲವಲ್ಲ.

"ಹ್ಯಾಂಡಲ್ ಸ್ವಲ್ಪ ಎತ್ತರಿಸ್ಬೇಕು ಭಾವ. ಆಮೇಲೆ ಕೆಂಪು ಬಣ್ಣ ಹೊಡಿಸ್ತೀನಿ."

"ಇನ್ನೂ ನಿನ್ನದಾಗಿಲ್ಲ ಕಣಯ್ಯ."

"ಸಂಜೆ ಆಗ್ಲಿ ಬಿಡಿ," ಎಂದು ಲಯನಲ್ ಕಾಲು ಚಾಚಿದ.

ಮಧ್ಯಾಹ್ನ ಎಲ್ಲರೂ ದೇವಸ್ಥಾನಕ್ಕೆ ಹೊರಟರು. ಮೆಟ್ಟಿಲು ಹತ್ತುವಾಗ ಅಬೇರತ್ನ ಒಮ್ಮೆ ತಿರುಗಿ ನೋಡಿ ಹಾಗೇ ನಿಂತುಬಿಟ್ಟ. ಇಡೀ ಕಣಿವೆಯಲ್ಲಿ ಒಂದು ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ. ಗರಗಸವಿಲ್ಲ, ಬಸ್ಸಿಲ್ಲ, ಪಂಪಿಲ್ಲ. ವರ್ಷವಿಡೀ ಯಾರ ಕಿವಿಗೂ ಬೀಳದ ಜಲಪಾತ ಆಚೆ ಗುಡ್ಡದಿಂದ ಕೇಳುತ್ತಿತ್ತು. ಇಷ್ಟೆಲ್ಲ ಗುಡ್ಡಗಳೂ ಉಸಿರು ಹಿಡಿದು ಏನನ್ನೋ ಕಾಯುತ್ತಿವೆ ಅನ್ನಿಸಿ ಅವನಿಗೆ ಮೈ ಜುಮ್ಮೆಂದಿತು. ಆ ಬೈಕನ್ನು ಅವನು ಯಾಕೆ ಅಷ್ಟು ಹಚ್ಚಿಕೊಂಡಿದ್ದ ಎಂದರೆ, ಒಂದು ದಿನ ಆ ಗುಡ್ಡಗಳ ನೆತ್ತಿಯ ಮೇಲೆ ಒಬ್ಬನೇ ಹೋಗಿ ನಿಲ್ಲಬೇಕು ಎಂಬುದಕ್ಕೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಬೋಧನೆ ಹೇಳುತ್ತಿದ್ದ ವಯಸ್ಸಾದ ಹಾಮುದುರುಗಳ, ಎಂದರೆ ಊರಿನ ಬೌದ್ಧ ಭಿಕ್ಷುಗಳ, ಧ್ವನಿ ಮೆತ್ತಗಿತ್ತು. ಅಬೇರತ್ನ ತೂಕಡಿಸುತ್ತ ಕೂತಿದ್ದ.

"ಸಿಟ್ಟು ಬಂದಾಗ ಯಾರನ್ನೂ ಅಳೀಬೇಡಿ ಮಕ್ಕಳೇ. ಬಿಸಿ ಇರೋವಾಗ ತಗೊಂಡ ಅಳತೆ ಸುಳ್ಳು. ಬಿಸೀಲಿ ಸರಿ ಅನ್ನಿಸಿದ್ದು ತಣ್ಣಗಾದಾಗ ಬಿಗಿಯಾಗತ್ತೆ. ಮೊದಲು ತಣ್ಣಗಾಗಲಿ. ಆಮೇಲೆ ಅಳೀರಿ."

ಅಬೇರತ್ನ ಸಿಡಿಲು ಹೊಡೆದವನಂತೆ ಎದ್ದು ಕೂತ. ಇಷ್ಟು ವರ್ಷವೂ ಅವನು ಓಡಿಸಿ ಬಂದ ಹಾಗೇ, ಕೈ ಸುಟ್ಟುಕೊಳ್ಳುತ್ತ, ಬಿಸಿ ಇಂಜಿನ್ನಿನ ಮೇಲೆಯೇ ವಾಲ್ವಿನ ಅಳತೆ ಹಿಡಿಯುತ್ತಿದ್ದ! ಬಿಸಿಯಲ್ಲಿ ಸರಿಯಿದ್ದದ್ದು ತಣ್ಣಗಾದಾಗ ಬಿಗಿಯಾಗದೆ ಇನ್ನೇನು ಆದೀತು? ಬಿಗಿಯಾದ ವಾಲ್ವ್ ಪೂರ್ತಿ ಮುಚ್ಚದೆ, ಇಂಜಿನ್ನಿನ ಉಸಿರೆಲ್ಲ ಸೋರಿಹೋಗದೆ ಇದ್ದೀತೇ? ಎರಡೂವರೆ ಸಾವಿರ ವರ್ಷದ ಹಿಂದಿನ ಧರ್ಮದೊಳಗೆ ತನ್ನ ಬೈಕಿನ ರೋಗವೂ ಇತ್ತಲ್ಲ ಎಂದು ಅವನ ಕಣ್ಣು ತುಂಬಿ ಬಂತು. ಅಡ್ಡಬಿದ್ದವನು ಬೇಗ ಏಳಲಿಲ್ಲ.

"ಭಾವನಿಗೆ ಭಯ ಹತ್ತಿದೆ," ಎಂದು ಲಯನಲ್ ಅಕ್ಕನ ಕಿವಿಯಲ್ಲಿ ಹೇಳಿದ.

ಮನೆಗೆ ಬಂದು ಅಬೇರತ್ನ ಇಂಜಿನ್ನಿನ ಮೇಲೆ ಅಂಗೈ ಇಟ್ಟ. ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು. ಬೈಕು ಮನೆಗೆ ಬಂದಾಗಿನಿಂದ ಅವನು ಅದನ್ನು ಇಡೀ ದಿನ ಸುಮ್ಮನೆ ಬಿಟ್ಟಿದ್ದು ಇದೇ ಮೊದಲು.

ಸಂಜೆ ಮೊದಲ ಮುಹೂರ್ತಕ್ಕೆ ಒಲೆ ಹಚ್ಚಿ ಹಾಲು ಉಕ್ಕಿಸಿದರು. ಎರಡನೆಯದು ಕೆಲಸ ಶುರುಮಾಡುವ ಮುಹೂರ್ತ, ಆ ವರ್ಷದ ಪಂಚಾಂಗ ಹೇಳಿದಂತೆ ನೀಲಿ ಉಟ್ಟು ದಕ್ಷಿಣಕ್ಕೆ ಮುಖ ಮಾಡಿ. ದಕ್ಷಿಣಕ್ಕೆ ಇದ್ದದ್ದು ಪೊಡಿ ನೋನಾಳ ಬೇಲಿ, ಬೇಲಿಯ ತುಂಬ ನೀಲಿ ಬಟ್ಟೆಯ ಜನ. ಸೋಮಲತಾ ತವರಿಗೆ ಒಯ್ಯುವ ಕೆವುಂ, ಕೊಕಿಸ್ ತಿಂಡಿಗಳ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತಳು. ಟಿವಿಯಲ್ಲಿ ಹೊತ್ತು ಎಣಿಸುತ್ತಿದ್ದರು.

ಪಟಾಕಿ ಸಿಡಿಯಿತು. "ಒದಿ! ಒದಿ!" ಎಂದು ಬೇಲಿ ಕೂಗಿತು.

ಅಬೇರತ್ನ ಒದೆಯಲಿಲ್ಲ. ಬಗ್ಗಿ ಸ್ಪ್ಯಾನರ್ ಎತ್ತಿಕೊಂಡ.

"ಅಯ್ಯೋ, ಈಗ ರಿಪೇರಿಗೆ ಕೂತ್ರಾ?" ಸೋಮಲತಾ ತಟ್ಟೆ ಹಿಡಿದೇ ಒಂದು ಮೆಟ್ಟಿಲು ಇಳಿದಳು.

"ಸುಮ್ನಿರು. ಲಯನಲ್, ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೋ, ಅಲ್ಲಾಡಬಾರದು."

ತಣ್ಣಗಿನ ಇಂಜಿನ್ನಿಗೆ ಪಟ್ಟಿ ತೂರಿಸಲು ನೋಡಿದ. ಒಳಗೇ ಹೋಗಲಿಲ್ಲ. ಅಷ್ಟು ಬಿಗಿ! ಕೂದಲೆಳೆಯಷ್ಟು ಸಡಿಲಿಸಿದ. ಪಟ್ಟಿ ಬೆಣ್ಣೆಯಲ್ಲಿ ಜಾರಿದಂತೆ ಜಾರಿತು. ಇನ್ನೊಂದು ವಾಲ್ವಿಗೂ ಹಾಗೇ ಮಾಡಿ, ಮುಚ್ಚಳ ಬಿಗಿದು, ಎದ್ದು ನಿಂತು, ಕಣ್ಣು ಮುಚ್ಚಿ ಒದ್ದ.

ಒಂದೇ ಕಿಕ್ಕು.

ಬೈಕು ಕೆಮ್ಮಲಿಲ್ಲ, ಸೀನಲಿಲ್ಲ. ಡಬ್, ಡಬ್, ಡಬ್ ಎಂದು, ಯಾವಾಗಲೂ ಹೀಗೆಯೇ ಇದ್ದೆನಲ್ಲ ಎಂಬಂತೆ ನಿರಾಳವಾಗಿ ನುಡಿಯತೊಡಗಿತು. ಬೇಲಿಯಾಚೆ ಒಬ್ಬ ಮುದುಕ ತಲೆಯ ಟೋಪಿ ತೆಗೆದ. ಪೊಡಿ ನೋನಾ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. ಸೋಮಲತಾ ಸೆರಗಿನಿಂದ ಕಣ್ಣೊರೆಸಿಕೊಂಡು, "ಇದನ್ನ ನಾನು ಯಾರಿಗೂ ಕೊಡಲ್ಲ ಕಣ್ರೀ," ಎಂದಳು. ಇಷ್ಟು ವರ್ಷದ ಭಾನುವಾರಗಳೆಲ್ಲ ಸಾರ್ಥಕವಾದವು ಎಂದು ಅಬೇರತ್ನನಿಗೆ ಅನ್ನಿಸಿತು.

ಆ ಸಂತೋಷಕ್ಕೆ ಆಯುಸ್ಸು ಕಡಿಮೆಯಿತ್ತು.

"ಅಲ್ಲ, ಪಟಾಕಿ ಸಿಡಿದಾಗ ಕೈಯಲ್ಲಿ ಇದ್ದದ್ದು ಏನು?" ಪೊಡಿ ನೋನಾಳಿಗೆ ಬಾಯಿ ಬಂದಿತ್ತು. "ಸ್ಪ್ಯಾನರ್! ಮುಹೂರ್ತದಲ್ಲಿ ಮೊಟ್ಟಮೊದಲು ಮಾಡಿದ್ದು ರಿಪೇರಿ. ಅದೂ ಎಂಥ ರಿಪೇರಿ! ತಮ್ಮಾ, ಈ ವರ್ಷ ನಿನ್ನ ಕೈ ಬಂಗಾರದ ಕೈ. ತಡಿ, ನನ್ನ ಮಿಕ್ಸಿ ತರ್ತೀನಿ!"

ಬೇಲಿ ಒಮ್ಮೆಗೇ ಖಾಲಿಯಾಯಿತು, ಒಮ್ಮೆಗೇ ತುಂಬಿತು. ಯಾರೋ ಅಬೇರತ್ನನ ಹೆಗಲು ಹಿಡಿದು ಮಣೆಯ ಮೇಲೆ ಕೂರಿಸಿದರು. ಮಿಕ್ಸಿ ಬಂತು, ಹೊಲಿಗೆ ಯಂತ್ರ ಬಂತು, ಆಲೂಗಡ್ಡೆಗೆ ಔಷಧಿ ಹೊಡೆಯುವ ಡಬ್ಬಿ ಬಂತು. ಕೊನೆಗೆ ಇಬ್ಬರು ದೇವಸ್ಥಾನದ ನೀರಿನ ಪಂಪನ್ನೇ ಹೆಗಲ ಮೇಲೆ ಹೊತ್ತು ತಂದು, "ಹಾಮುದುರುಗಳು ಆಶೀರ್ವಾದ ಹೇಳಿದ್ದಾರೆ," ಎಂದು ಅವನ ಕಾಲ ಬಳಿ ಇಳಿಸಿದರು.

"ಮೊದಲು ಒಂದು ಸುತ್ತು ಗುಡ್ಡಕ್ಕೆ..." ಎಂದು ಅಬೇರತ್ನ ಏಳಹೋದ.

"ಏಳಬೇಡಿ!" ಸೋಮಲತಾ ಗಾಬರಿಯಾದಳು. "ಮೊದಲ ದಿನ ಮನೆಬಾಗಿಲಿಗೆ ಬಂದ ಕೆಲಸ ಬಿಟ್ಟು ಏಳ್ತಾರಾ? ಲಯನಲ್, ನೀನು ಓಡ್ಸು, ಅಮ್ಮನ ಮನೆಗೆ ಹೊತ್ತಾಯ್ತು."

"ಯಾರಿಗೂ ಕೊಡಲ್ಲ ಅಂದ್ಯಲ್ಲೇ!"

"ಕೊಡ್ತಿದೀನಾ? ಓಡಿಸ್ತಾನೆ ಅಷ್ಟೆ."

"ಮತ್ತೆ ಮುಹೂರ್ತದಲ್ಲಿ ಹ್ಯಾಂಡಲ್ ಹಿಡಿದಿದ್ದು ಯಾರು?" ಪೊಡಿ ನೋನಾ ತೀರ್ಪು ಕೊಟ್ಟಳು. "ಲಯನಲ್ ಅಲ್ವಾ? ವರ್ಷಪೂರ್ತಿ ಅವನೇ."

"ಹಿಡ್ಕೋ ಅಂದಿದ್ದು ನೀವೇ ಭಾವ," ಎಂದು ಲಯನಲ್ ಬಹಳ ವಿನಯದಿಂದ ಹೇಳಿ ಗೇರ್ ಹಾಕಿದ.

ಸೋಮಲತಾಳನ್ನು ಹಿಂದೆ ಕೂರಿಸಿಕೊಂಡು ಬೈಕು ಗುಡ್ಡ ಹತ್ತತೊಡಗಿತು. ಅಬೇರತ್ನ ಪಂಪಿನ ಪಕ್ಕ ಕೂತು ಕಿವಿಗೊಟ್ಟ. ನಿನ್ನೆ ಬೈಕು ಸತ್ತು ನಿಂತಿದ್ದ ತಿರುವು ಬಂತು. ಸದ್ದು ಒಂದಿಷ್ಟೂ ತಡವರಿಸಲಿಲ್ಲ. ಮೇಲಕ್ಕೆ, ಇನ್ನೂ ಮೇಲಕ್ಕೆ, ಅವನು ಒಬ್ಬನೇ ಹೋಗಿ ನಿಲ್ಲಬೇಕೆಂದಿದ್ದ ಗುಡ್ಡಗಳ ನಡುವೆ ಅದು ಸ್ವಚ್ಛವಾಗಿ ಮೊಳಗುತ್ತ ಹೋಯಿತು. ಎಷ್ಟು ಚೆನ್ನಾಗಿ ಓಡುತ್ತಿದೆ! ಅವನಿಗೆ ಗೊತ್ತಿಲ್ಲದೆ ಅವನ ಕೈಗಳು ಜೋಡಿಕೊಂಡವು.

"ತಮ್ಮಾ, ನನ್ನ ಮಿಕ್ಸಿ ಮೊದಲು," ಎಂದಳು ಪೊಡಿ ನೋನಾ.

ಅಬೇರತ್ನ ಮಿಕ್ಸಿಯ ಮೇಲೆ ಅಂಗೈ ಇಟ್ಟು ನೋಡಿದ. ಹಬ್ಬದ ಖಾರ ಈಗ ತಾನೇ ಅರೆದಿರಬೇಕು.

"ತಣ್ಣಗಾಗಲಿ ಅಕ್ಕಾ," ಎಂದ.