ದೇವರಾಜು ಊರಿಗೆ ಹೊರಟದ್ದು

ಬೆಳಗಿನ ಜಾವ ಬಾಗಿಲಲ್ಲಿ ರಾಗಿ ಮೂಟೆ ದೊಪ್ಪನೆ ಬಿದ್ದ ಸದ್ದಿಗೆ ದೇವರಾಜುವಿಗೆ ಎಚ್ಚರವಾಯಿತು. ಮೈಸೂರಿನ ಅಗ್ರಹಾರದ ವಠಾರದಲ್ಲಿ ಅವನಿಗಿದ್ದದ್ದು ತಿಂಗಳಿಗೆ ಆರು ರೂಪಾಯಿಯ ಒಂದೇ ಕೋಣೆ. ಕೆಲಸ ಹುಡುಕಿಕೊಂಡು ಬಂದ ಊರಿನ ನಾಲ್ವರು ಆಗಲೇ ಅದರಲ್ಲಿ ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಮಲಗಿದ್ದರು. ಈಗ ದೊಡ್ಡಪ್ಪನ ಮಗ ಹುಚ್ಚಯ್ಯ. ಹಿಂದೆ ಹೆಂಡತಿ ಬೋರಮ್ಮ, ಅವಳ ಕಂಕುಳಲ್ಲಿ ಕೋಳಿ.

"ಎರಡೇ ದಿನ ಕಣಣ್ಣ," ಎಂದ ಹುಚ್ಚಯ್ಯ, ಅಂಗಿ ನೇತುಹಾಕಲು ಗೋಡೆಗೆ ಮೊಳೆ ಹೊಡೆಯುತ್ತ.

ನಲ್ಲಿಯ ಹತ್ತಿರ ಪಕ್ಕದ ಕೋಣೆಯ ಮಂಗಳಮ್ಮ ಪಿಸುಗುಟ್ಟಿದರು: "ಹೋಗಿ ಅನ್ನಕ್ಕೆ ನಿಂಗೆ ಬಾಯಿ ಬರಲ್ಲ. 'ಕೆಲಸ ಬುಟ್ಟೆ, ನಾನೇ ಊರಿಗೆ ಹೊರಟೆ' ಅಂದ್ಬುಡು. ಯಜಮಾನನೇ ಇಲ್ಲದ ಮನೇಲಿ ಯಾರಪ್ಪ ಇರ್ತಾರೆ? ಸಂಜೆ ವಾಪಸ್ ಬಾ."

ದೇವರಾಜು ಹಾಸಿಗೆ ಸುತ್ತಿ, ಮುಖ ಇಳಿಬಿಟ್ಟು, ಹಾಗೇ ಅಂದ.

ಬೋರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಯ್ಯೋ ಭಾವ, ಇಷ್ಟು ಸಂಕಟ ಒಳಗೇ ಇಟ್ಕೊಂಡಿದ್ರಾ!"

"ನೀನು ಮಾಡಿದ ಮನೇನ ಕೈ ಬುಡಕ್ಕೆ ನಾವೇನು ಸತ್ತೋದ್ವಾ? ಬಾಡಿಗೆ ನಾನು ಕೊಡ್ತೀನಿ," ಎಂದ ಹುಚ್ಚಯ್ಯ.

"ಕೆಲಸ ಇಲ್ದೆ ಎಂಗೋ ಕೊಡ್ತೀಯ?"

"ನೀನು ಬುಟ್ಟಿರೋದು ಇದೆಯಲ್ಲಣ್ಣ!" ಎಂದವನೇ ಓಟ ಕಿತ್ತ.

ದೇವರಾಜು ಏದುಸಿರು ಬಿಡುತ್ತ ಛಾಪಖಾನೆ ಮುಟ್ಟುವ ಹೊತ್ತಿಗೆ, ಅವನು ಆರು ವರ್ಷ ತುಳಿದಿದ್ದ ಮುದ್ರಣ ಯಂತ್ರವನ್ನು ಹುಚ್ಚಯ್ಯ ಏತ ತುಳಿದಂತೆ ತುಳಿಯುತ್ತಿದ್ದ. ಮದುವೆಯ ಕರೆಯೋಲೆಗಳು ಹೆದರಿದ ಪಾರಿವಾಳಗಳ ಹಾಗೆ ಹಾರುತ್ತಿದ್ದವು.

"ಹೋಗೋವಾಗ ಒಳ್ಳೇ ಆಳು ಕಳಿಸಿದ್ದೀಯಪ್ಪ," ಎಂದರು ಮಾಲೀಕ ಸದಾಶಿವಯ್ಯ. "ಇವನ ಮುಂದೆ ನಿಂದು ಕೊಕ್ಕರೆ ಕಾಲು!"

"ಸ್ವಾಮಿ, ನಾನು ಬಿಟ್ಟೇ ಇಲ್ಲ..."

"ದಾಕ್ಷಿಣ್ಯ ಯಾಕೆ? ಸುಖವಾಗಿ ಹೋಗಿ ಬಾ."

ವಠಾರಕ್ಕೆ ಮರಳಿದರೆ, ಎಲ್ಲರೂ ಅವನನ್ನು ಬೀಳ್ಕೊಡಲು ಹಾರ ಹಿಡಿದು ನಿಂತಿದ್ದರು.

"ಮಂಗಳಮ್ಮೋರೇ, ಕೆಲಸ ನಿಜವಾಗ್ಲೂ ಹೋಯ್ತು ಕಣ್ರೀ!" ದೇವರಾಜುವಿನ ಕಣ್ಣಲ್ಲಿ ನೀರಾಡಿತು.

"ಭೇಷ್! ಅಳೋದಂತೂ ನಾಟಕದೋರನ್ನೂ ಮೀರಿಸ್ಬುಟ್ಟೆ," ಎಂದು ಮಂಗಳಮ್ಮ ಕಿವಿಯಲ್ಲಿ ಮೆಚ್ಚಿಕೊಂಡರು.

ನಾಲ್ವರು ಅತಿಥಿಗಳು ಅವನನ್ನು ಹಾಸಿಗೆ ಸುರುಳಿ ಸಮೇತ ನೆಲಕ್ಕೆ ಕಾಲು ತಾಗಿಸದೆ ಬಸ್ಸಿಗೆ ಏರಿಸಿದರು, ಟಿಕೀಟು ಕೊಂಡರು, ಕಂಡಕ್ಟರಿಗೂ ಹೇಳಿದರು: "ನಡುವೆ ಎಲ್ಲೂ ಇಳಿಸ್ಬೇಡಿ ಸ್ವಾಮಿ. ಮನಸ್ಸು ಕೆಟ್ಟದೆ, ಏನಾದ್ರೂ ಮಾಡ್ಕೊಂಡಾನು."

ಕಂಡಕ್ಟರು ದಾರಿಯುದ್ದಕ್ಕೂ ಬಾಗಿಲಿಗೆ ಅಡ್ಡ ನಿಂತ.

ಮಧ್ಯಾಹ್ನ ಊರಲ್ಲಿ ಇಳಿದರೆ, ಸೋದರಮಾವ ನಿಂಗಯ್ಯ ಚಾಪೆ, ಮಡಕೆ, ಒನಕೆ ಸಮೇತ ಸಂಸಾರವನ್ನೆಲ್ಲ ರಸ್ತೆಗೆ ತಂದು ಅದೇ ಬಸ್ಸಿಗೆ ಕಾದಿದ್ದ.

"ಗೇಯೋ ಹೈಕಳೆಲ್ಲ ಮೈಸೂರು ಸೇರ್ಕೊಂಡ್ರು. ನಾವು ಮಾತ್ರ ಇಲ್ಲಿದ್ದು ಏನು ಮಾಡೋದು? ಹೊಲ ಗುತ್ತಿಗೆಗೆ ಕೊಟ್ಬುಟ್ಟೆ ಕಣ್ಲಾ. ನಿನ್ನ ಮನೇನೂ ಮೇಷ್ಟ್ರಿಗೆ ಬಾಡಿಗೆಗೆ ಕೊಟ್ಟಾಯ್ತು. ಪಟ್ಟಣದಲ್ಲಿ ಸಂಬಳ ಎಣಿಸ್ಕೊಂಡಿರೋನಿಗೆ ಆ ಗುಡ್ಲು ಯಾಕೆ?"

ಬಸ್ಸು ತಿರುಗಿ ನಿಂತಿತು. ಸಾಮಾನು ಮೇಲೇರಿತು.

"ಎಷ್ಟು ಟಿಕೀಟು?" ಕಂಡಕ್ಟರು ಕೇಳಿದ.

"ಹನ್ನೊಂದು," ಎಂದ ನಿಂಗಯ್ಯ.

ದೇವರಾಜು ಹಾಸಿಗೆ ಸುರುಳಿಯನ್ನು ಮತ್ತೆ ಹೆಗಲಿಗೇರಿಸಿದ.

"ಹನ್ನೆರಡು ಮಾಡಿ ಸ್ವಾಮಿ. ನಾನೂ ಕೆಲಸ ಹುಡುಕ್ಕೊಂಡೇ ಹೊರಟಿರೋದು."