ಪಂಚಾಯ್ತಿ ರೇಡಿಯೋಗೆ ನಾನೇ ಉಸ್ತುವಾರಿ

ನಾನು ಸುಮ್ಮನೆ ಕೂತಿದ್ದರೂ ನನ್ನ ಸುತ್ತ ಏನಾದರೊಂದು ಆಗದೆ ಬಿಡುವುದಿಲ್ಲ. ಇದರಲ್ಲಿ ನನ್ನ ತಪ್ಪು ಏನೂ ಇಲ್ಲ, ಜಾತಕವೇ ಹಾಗೆ. ಈಗಿನವರು ಮನೆಮನೆಯಲ್ಲೂ ಟಿ.ವಿ. ಇಟ್ಟುಕೊಂಡು ನಾಲ್ಕು ಜನ ನಾಲ್ಕು ಕಡೆ ಮುಖ ಮಾಡಿ ಕೂರುತ್ತಾರೆ. ಎಪ್ಪತ್ತರ ದಶಕದಲ್ಲಿ ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಲ್ಲಿ ಇಡೀ ಊರಿಗೆ ಒಂದೇ ರೇಡಿಯೋ, ಪಂಚಾಯ್ತಿಯದು. ಅದಕ್ಕೆ ಒಬ್ಬನೇ ಉಸ್ತುವಾರಿ. ಆ ಉಸ್ತುವಾರಿ ಯಾರು ಅಂತ ನಾನೇ ಹೇಳಿದರೆ ಜಂಬ ಅನ್ನುತ್ತೀರಿ. ಆದರೂ ಹೇಳುತ್ತೇನೆ, ನಾನೇ.

೧. ಬಿದಿರ ಗಳದ ಅರ್ಹತೆ

ಉಸ್ತುವಾರಿ ಹುದ್ದೆಗೆ ನನ್ನನ್ನು ಆರಿಸಿದ್ದು ನನ್ನ ವಿದ್ಯೆ ನೋಡಿ ಅಂತ ನಾನು ಬಹಳ ಕಾಲ ಹೇಳಿಕೊಂಡು ತಿರುಗಿದೆ. ನಿಜ ಏನೆಂದರೆ, ಏರಿಯಲ್ ಕಟ್ಟಲು ಉದ್ದನೆಯ ಬಿದಿರ ಗಳ ಬೇಕಿತ್ತು, ಅದು ಇದ್ದದ್ದು ನಮ್ಮ ಹಿತ್ತಲಲ್ಲಿ ಮಾತ್ರ. ಚೇರ್ಮನ್ನರು ಮನೆಗೆ ಬಂದು, "ಏನಪ್ಪ, ಗಳ ಕೊಡು" ಅಂದರು.

ನಾನು, "ಗಳ ಬಂದರೆ ಅದರ ಹಿಂದೆ ನಾನೂ ಬರ್ತೀನಿ ಚೇರ್ಮನ್ನರೇ" ಅಂದೆ.

ಅವರು ಗಳವನ್ನೂ ನೋಡಿದರು, ನನ್ನನ್ನೂ ನೋಡಿದರು. "ಇರ್ಲಿ ಬಾ, ಗಳ ಚೆನ್ನಾಗೈತೆ" ಅಂದರು.

ಪಂಚಾಯ್ತಿ ಆಫೀಸಿನ ಕಿಟಕಿಯಲ್ಲಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಬ್ಯಾಟರಿ ಹಾಕಿದ ರೇಡಿಯೋ, ಮುಂದೆ ಧೂಳು ಬೀಳದಂತೆ ಒಂದು ಹೂವಿನ ಚಿತ್ರದ ಪರದೆ. ಜನ ಹೊರಗೆ ಬಯಲಲ್ಲಿ ಕೂತು ಕೇಳುತ್ತಿದ್ದರು. ನಾನು ಒಳಗಿನ ಕೋಣೆಯಿಂದ ಪೆಟ್ಟಿಗೆಯ ಹಿಂಬಾಗಿಲು ತೆಗೆದು ಅದರ ಕಿವಿ ತಿರುಗಿಸುತ್ತಿದ್ದೆ. ಬೀಗದ ಕೈ ನನ್ನ ಉಡಿದಾರದಲ್ಲಿ. ನಾನು ನಡೆದರೆ ಅದು ಟಿಣ್ ಟಿಣ್ ಅನ್ನುತ್ತಿತ್ತು. ಆವರೆಗೆ ನನ್ನನ್ನು 'ಲೇ' ಅನ್ನುತ್ತಿದ್ದವರು ಆಮೇಲೆ 'ಬರ್ರಿ ಉಸ್ತುವಾರಿಗಳೇ, ಕುಂತ್ಕಳ್ರಿ' ಅನ್ನತೊಡಗಿದರು. ಒಬ್ಬರು ಮಾತ್ರ ಹಳೇ ಚಾಳಿ ಬಿಡಲಿಲ್ಲ, ನನ್ನ ಹೆಂಡತಿ. "ಊರಿಗೆಲ್ಲ ಬೀಗ ತೆಗೀತೀಯ, ಮನೇಲಿ ಒಂದು ಡಬ್ಬಿ ಮುಚ್ಚಳ ತೆಗಿಯಕ್ಕೆ ಬರಲ್ಲ" ಅಂತ ಉಪ್ಪಿನಕಾಯಿ ಭರಣಿಯನ್ನು ನನ್ನ ಕೈಗಿತ್ತಳು. ಅದು ಕೊನೆಗೂ ತೆರೆಯಲಿಲ್ಲ.

೨. ನಿಂತು ಕೇಳುವವರು

ರೇಡಿಯೋ ಕೊಡುವಾಗ ದುರ್ಗದ ಜಿಲ್ಲಾ ಆಫೀಸಿನವರು ಒಂದು ಹಾಜರಿ ಪುಸ್ತಕವನ್ನೂ ಕೊಟ್ಟಿದ್ದರು. ಸಂಜೆ ಕೃಷಿ ಕಾರ್ಯಕ್ರಮಕ್ಕೆ ದಿನಾ ಎಷ್ಟು ಜನ ಬಂದರು ಅಂತ ಬರೆದು ತಿಂಗಳಿಗೊಮ್ಮೆ ಕಳಿಸಬೇಕು. ಜನ ಕಡಿಮೆಯಾದರೆ ಸೆಟ್ಟನ್ನು ಎತ್ತಿ ಹಿರೇಗುಂಟನೂರಿಗೆ ಕೊಡುತ್ತೇವೆ ಅಂತ ಬಾಯಿಮಾತಲ್ಲಿ ಹೇಳಿಯೂ ಹೋಗಿದ್ದರು. ಸೆಟ್ಟು ಹೋದರೆ ಬೀಗದ ಕೈ ಹೋಯಿತು. ಬೀಗದ ಕೈ ಹೋದರೆ ನಾನು ಮತ್ತೆ 'ಲೇ'. ಅದೂ ಇರಲಿ, ಸಂಜೆ ಹೊತ್ತು ಮೇಲಿನ ಕೇರಿಯವರೂ ಕೆಳಗಿನ ಕೇರಿಯವರೂ ಒಂದೇ ಬಯಲಲ್ಲಿ ಕೂರುತ್ತಿದ್ದುದು ಆ ಪೆಟ್ಟಿಗೆ ಮುಂದೆ ಮಾತ್ರ.

ಮೊದಲ ತಿಂಗಳು ಸುಗ್ಗಿ. ಬಂದವರು ಹನ್ನೆರಡೇ ಜನ. ಕುರಿ ಕಾಯುವ ತಾತನನ್ನು, "ತಾತ, ಇವತ್ತು ಕುರಿ ರೋಗದ ವಿಷಯ ಐತೆ, ಬಾ" ಅಂತ ಕರೆದೆ.

"ಆ ಹೊತ್ತಿಗೆ ಕುರಿ ಬಿಟ್ಟು ಹೆಂಗೆ ಬರ್ಲಪ್ಪ?"

"ಕುರೀನೂ ಕರ್ಕಂಡು ಬಾ. ಅವುಗಳ ವಿಷಯಾನೇ ತಾನೇ."

ತಾತ ಮಾತಿನ ಮನುಷ್ಯ. ಸಂಜೆಗೆ ಮುನ್ನೂರು ಕುರಿಗಳೊಂದಿಗೆ ಬಂದ. ಕುರಿಗಳು ಬಹಳ ಮರ್ಯಾದೆಯಿಂದ ಕೇಳಿದವು, ನಮ್ಮ ಜನರ ಹಾಗೆ ನಡುವೆ ಎದ್ದು ಬೀಡಿ ಸೇದಲು ಹೋಗಲಿಲ್ಲ. ಬಂದವರನ್ನು ಬರೆಯುವುದು ನನ್ನ ಧರ್ಮ. 'ಹಾಜರಿ: ಮುನ್ನೂರ ಹದಿಮೂರು' ಅಂತ ಬರೆದೆ. ತಾತನಿಗೆ ಕಾರ್ಯಕ್ರಮ ಹಿಡಿಸಿತು, ದಿನಾ ಬರತೊಡಗಿದ. ನಾನೂ ದಿನಾ ಬರೆದೆ.

ತಿಂಗಳ ಕೊನೆಗೆ ದುರ್ಗದಿಂದ ಕಾಗದ ಬಂತು. 'ಜಿಲ್ಲೆಯಲ್ಲೇ ಹೆಚ್ಚು ಶ್ರೋತೃಗಳಿರುವ ಗ್ರಾಮ ನಿಮ್ಮದು, ಅಭಿನಂದನೆಗಳು. ಅಷ್ಟು ಜನರಿಗೆ ಕೂರಲು ಚಾಪೆಯ ವ್ಯವಸ್ಥೆ ಹೇಗೆ ಮಾಡಿದ್ದೀರಿ?'

ನಾನು ಸುಳ್ಳು ಬರೆಯುವವನಲ್ಲ. 'ಚಾಪೆ ಬೇಕಾಗಿಲ್ಲ. ಹೆಚ್ಚಿನವರು ನಿಂತೇ ಕೇಳುತ್ತಾರೆ' ಅಂತ ಉತ್ತರ ಬರೆದೆ.

೩. ಸ್ಟೇಷನ್ನಿಗೆ ಕೆಮ್ಮು

ಕೃಷಿ ಕಾರ್ಯಕ್ರಮ ನಡೆಸಿಕೊಡುವವರು ಯಾರೋ ಏನೋ, ಮುಖ ನೋಡಿದವರಿಲ್ಲ. ನಮ್ಮೂರಿಗೆ ಅವರು 'ರೇಡಿಯೋ ಅಣ್ಣ'. ಒಂದು ಸಂಜೆ, "ನಮಸ್ಕಾರ ರೈತ ಬಂಧುಗಳೇ" ಅಂದವರೇ ಕೆಮ್ಮಿದರು. ಗೊಬ್ಬರದ ವಿಷಯ ಹೇಳುವಾಗ ಎರಡು ಸಲ ಕೆಮ್ಮಿದರು. ಬಿತ್ತನೆ ಬೀಜಕ್ಕೆ ಬರುವ ಹೊತ್ತಿಗೆ ಬಯಲಲ್ಲಿದ್ದ ಹೆಂಗಸರು ಬೀಜದ ಮಾತನ್ನೇ ಬಿಟ್ಟಿದ್ದರು.

"ಪಾಪ, ನೋಡ್ಕಳೋರು ಯಾರೂ ಇಲ್ಲೇನೋ."

"ಒಣ ಕೆಮ್ಮು ಅದು. ಶುಂಠಿ ಬೇಕು."

"ಶುಂಠಿ ಒಂದೇ ಆಗ್ತೈತೇನೆ, ಬೆಲ್ಲ ಬ್ಯಾಡ್ವಾ?"

ಮಾರನೆಯ ದಿನ ನನ್ನ ಮನೆಯ ಜಗುಲಿ ತುಂಬ ಔಷಧಿ. ಒಣಶುಂಠಿ ಪುಡಿ, ಮೆಣಸು, ಬೆಲ್ಲದುಂಡೆ. ಬರೀ ಔಷಧಿ ಕಳಿಸಿದರೆ ರೋಗಿಗೆ ಬೇಜಾರಾಗುತ್ತದೆ ಅಂತ ನಾಲ್ಕು ಸೇರು ಶೇಂಗಾ. ಎಲ್ಲವನ್ನೂ ಗೋಣಿಬಟ್ಟೆಯಲ್ಲಿ ಹೊಲಿದು ಅಂಚೆಗೆ ಹಾಕಿದೆ. ಮೇಲೆ ವಿಳಾಸದ ಜೊತೆಗೆ, 'ಮೂರು ದಿನ ಮೊಸರು ತಿನ್ನಬಾರದು' ಅಂತಲೂ ಬರೆದೆ.

ಹತ್ತು ದಿನ ಕಳೆದು ರೇಡಿಯೋ ಅಣ್ಣ ಗಂಟೆ ಹೊಡೆದ ಹಾಗೆ ಮಾತಾಡಿದರು. "ಹೊಳಲ್ಕೆರೆ ತಾಲ್ಲೂಕಿನ ಶ್ರೋತೃಗಳು ಕಳಿಸಿದ ಶುಂಠಿ ತಲುಪಿತು. ಗಂಟಲು ಸರಿಹೋಯಿತು. ಶೇಂಗಾ ನಮ್ಮ ಸಹೋದ್ಯೋಗಿಗಳಿಗೆಲ್ಲ ಬಹಳ ಇಷ್ಟವಾಯಿತು" ಅಂದರು. ನಮ್ಮ ಹೆಂಗಸರು ಸೆರಗು ಸರಿಮಾಡಿಕೊಂಡು ಕೂತರು.

ಮುಂದಿನ ವಾರ ಪೇಟೆ ಧಾರಣೆ ಓದುವವರು ಕೆಮ್ಮಿದರು. ಅದರ ಮುಂದಿನ ವಾರ ಹವಾಮಾನ ಹೇಳುವ ಅಮ್ಮ ಕೆಮ್ಮಿದರು. ಶೇಂಗಾ ಸುಗ್ಗಿ ಮುಗಿಯುವವರೆಗೆ ಆ ಸ್ಟೇಷನ್ನಿನಲ್ಲಿ ಒಬ್ಬರ ಗಂಟಲೂ ನೆಟ್ಟಗಿರಲಿಲ್ಲ.

೪. ಬಹಳ ಹತ್ತಿರದ ಸ್ಟೇಷನ್ನು

ಒಂದು ದಿನ ರೇಡಿಯೋದಿಂದ ಸುಟ್ಟ ವಾಸನೆ ಬಂದು ಮಾತು ನಿಂತಿತು. ಗುಟ್ಟಾಗಿ ಗೋಣಿಚೀಲದಲ್ಲಿ ಸುತ್ತಿ ದುರ್ಗಕ್ಕೆ ಒಯ್ದೆ. ರಿಪೇರಿಯವನು ಒಳಗೆಲ್ಲ ಇಣುಕಿ, "ಹದಿನೈದು ದಿನ ಬಿಟ್ಟು ಬರ್ರಿ" ಅಂದ. ಹದಿನೈದು ದಿನ ಹಾಜರಿ ಸೊನ್ನೆ ಬರೆದರೆ ಸೆಟ್ಟು ಹಿರೇಗುಂಟನೂರಿಗೆ. ಏನು ಮಾಡುವುದು? ಯೋಚನೆ ಮಾಡಿದೆ. ನನ್ನ ತಲೆ ದೊಡ್ಡದು, ಪೆಟ್ಟಿಗೆಯೂ ದೊಡ್ಡದು.

ಸಂಜೆ ಎಂದಿನಂತೆ ಒಳಗಿನ ಕೋಣೆ ಸೇರಿ, ಖಾಲಿ ಪೆಟ್ಟಿಗೆಯ ಹಿಂಬಾಗಿಲು ತೆಗೆದು, ಮುಖ ಒಳಗೆ ತೂರಿಸಿ, ಪರದೆಯ ಹಿಂದಿನಿಂದ, "ನಮಸ್ಕಾರ ರೈತ ಬಂಧುಗಳೇ" ಅಂದೆ. ದನಿ ಥೇಟ್ ರೇಡಿಯೋ ಅಣ್ಣನದೇ. ನನಗೇ ಒಂದು ಕ್ಷಣ ನಾನು ಸ್ಟೇಷನ್ನಿನಲ್ಲಿ ಇದ್ದೇನೇನೋ ಅನ್ನಿಸಿತು.

ಹೊರಗಿನಿಂದ ಕುರಿ ತಾತನ ದನಿ, "ಇವತ್ತು ಸ್ಟೇಷನ್ನು ಬಲು ಹತ್ರಕ್ಕೆ ಬಂದೈತೆ ಕಣ್ರಪ್ಪ."

ಮುಸಿಮುಸಿ ನಗು ಕೇಳಿಸಿತು. ಆದರೆ ಯಾರೂ ಎದ್ದು ಹೋಗಲಿಲ್ಲ. ಸೆಟ್ಟು ಉಳಿಯಬೇಕು ಅಂತ ಅವರಿಗೂ ಇತ್ತು. ಪಕ್ಕದ ಮನೆಯ ಅಜ್ಜಿ ಕಿಟಕಿಯ ಹತ್ತಿರ ಬಂದು, "ಲೇ ರೇಡಿಯೋ, ನನ್ನ ಕರೀ ಕೋಳಿ ಎತ್ಲಾಗೋ ಹೋಗೈತೆ, ಅದೊಂದು ಹೇಳು" ಅಂದಳು. ನಾನು ಗೊಬ್ಬರದ ಮಾತು ನಿಲ್ಲಿಸಿ ಕೋಳಿಯ ಬಣ್ಣ, ಗಾತ್ರ, ನಡತೆ ಎಲ್ಲ ಬಿತ್ತರಿಸಿದೆ. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಕೋಳಿ ಸಿಕ್ಕಿತು.

ಅಲ್ಲಿಂದ ನಮ್ಮ ಸ್ಟೇಷನ್ನಿನ ಭಾಗ್ಯ ತೆರೆಯಿತು. ಹವಾಮಾನಕ್ಕೆ ಮೊದಲು ಕೋಣೆಯ ಹಿಂದಿನ ಬಾಗಿಲಿಂದ ಆಕಾಶ ನೋಡಿ ಬಂದು, "ರಾಮಗಿರಿ ಗುಡ್ಡದ ಮ್ಯಾಲೆ ಮೋಡ ಐತೆ, ನಾಳೆ ಶೇಂಗಾ ಒಣಗಾಕಬ್ಯಾಡ್ರಿ" ಅನ್ನುತ್ತಿದ್ದೆ. ಮಳೆ ಬಂದೇ ಬರುತ್ತಿತ್ತು. ಊರ ಸುದ್ದಿ ಇತ್ತು. ಕೇಳುವವರ ಪ್ರಶ್ನೆಗೆ ಅಲ್ಲೇ ಉತ್ತರ ಇತ್ತು. ಕಾಗದ ಹಾಕಿ ತಿಂಗಳು ಕಾಯಬೇಕಾಗಿರಲಿಲ್ಲ. ಒಂದು ಸಂಜೆ, "ಚೇರ್ಮನ್ನರ ಗಾಡಿ ಚರಂಡಿಗೆ ಅಡ್ಡ ನಿಂತು ನೀರೆಲ್ಲ ದಾರಿಗೆ ಹರೀತಾ ಐತೆ" ಅಂತ ಸುದ್ದಿ ಹೇಳಿದೆ.

ಚೇರ್ಮನ್ನರು ಕಿಟಕಿಗೆ ಬಾಯಿಟ್ಟು, "ಲೇ, ಗಳಕ್ಕೆ ಅಂತ ನಿನ್ನ ತಗಂಡಿದ್ದು, ಮರೀಬ್ಯಾಡ" ಅಂದರು.

ನಾನು ಅದನ್ನೂ ಸುದ್ದಿಯಲ್ಲಿ ಹೇಳಿದೆ. ಗಾಡಿ ಬೆಳಗಾಗುವುದರೊಳಗೆ ಸರಿದಿತ್ತು. ಆ ವಾರ ಹಾಜರಿ ಪುಸ್ತಕದಲ್ಲಿ ಮುನ್ನೂರು ದಾಟಿತು, ಕುರಿಗಳನ್ನು ಬಿಟ್ಟು.

೫. ಸಾಹೇಬರ ತಪಾಸಣೆ

ರಿಪೇರಿಯ ಹದಿನೈದು ದಿನದಲ್ಲಿ ಎಂಟು ದಿನ ಕಳೆದಿತ್ತು. ಮುನ್ನೂರು ಜನ ನಿಂತು ಕೇಳುವ ಊರನ್ನು ಕಣ್ಣಾರೆ ನೋಡಬೇಕು ಅಂತ ದುರ್ಗದಿಂದ ಸಾಹೇಬರು ಜೀಪಿನಲ್ಲಿ ಬಂದೇಬಿಟ್ಟರು. ಸಂಜೆ ಆರು ದಾಟಿತ್ತು. ಪಂಚಾಯ್ತಿ ಮುಂದೆ ಜನ ಸೇರಿದ್ದರು. ನಾನು ಜೀಪು ಕಂಡವನೇ ಒಳಗಿನ ಕೋಣೆಗೆ ನುಗ್ಗಿ ಅಗುಳಿ ಹಾಕಿಕೊಂಡೆ.

ಸಾಹೇಬರು ಕುರ್ಚಿಯಲ್ಲಿ ಕೂತು, "ಉಸ್ತುವಾರಿ ಎಲ್ಲಿ?" ಅಂದರು.

ಚೇರ್ಮನ್ನರು ಗಾಡಿಯ ಸಿಟ್ಟನ್ನೆಲ್ಲ ನುಂಗಿಕೊಂಡು, "ಹೊಸದುರ್ಗಕ್ಕೆ ನೆಂಟರ ಮನೆಗೆ ಹೋಗವ್ನೆ ಸಾರ್" ಅಂದರು. ಆ ಒಂದು ಮಾತಿಗೆ ನಾನು ಅವರಿಗೆ ಇವತ್ತಿಗೂ ಋಣಿ.

"ಇರಲಿ, ಕಾರ್ಯಕ್ರಮದ ಹೊತ್ತಾಯ್ತು. ಹಾಕಿಸಿ, ಕೇಳೋಣ."

ಜನ ಒಬ್ಬರ ಮುಖ ಒಬ್ಬರು ನೋಡಿದರಂತೆ. ಒಳಗೆ ನಾನು ಲೆಕ್ಕ ಹಾಕಿದೆ. ಸೆಟ್ಟು ಇಲ್ಲ ಅಂತ ಗೊತ್ತಾದರೆ ಇವತ್ತೇ ಪೆಟ್ಟಿಗೆ ಸಮೇತ ಕಿತ್ತುಕೊಂಡು ಹೋಗುತ್ತಾರೆ. ದೇವರ ಮೇಲೆ ಭಾರ ಹಾಕಿ ಪೆಟ್ಟಿಗೆಗೆ ಮುಖ ಕೊಟ್ಟು, "ನಮಸ್ಕಾರ ರೈತ ಬಂಧುಗಳೇ" ಅಂದೆ. ಅವತ್ತು ನಾನು ಮಾತಾಡಿದ ಹಾಗೆ ಯಾವ ಸ್ಟೇಷನ್ನಿನಲ್ಲೂ ಯಾರೂ ಮಾತಾಡಿಲ್ಲ. ಪುಸ್ತಕದ ಕನ್ನಡ. ಕುರಿಯ ಕಾಲುರೋಗ, ಅದರ ಲಕ್ಷಣ, ಅದರ ಪರಿಹಾರ. ನಡುವೆ ಒಂದು ಸಲ, ನಿಜವೆನ್ನಿಸಲಿ ಅಂತ, ಬಾಯಲ್ಲೇ ಗೊರಗೊರ ಸದ್ದು ಕೂಡ ಮಾಡಿದೆ.

ಸಾಹೇಬರು ತಲೆದೂಗಿದರು. "ಸೆಟ್ಟು ಬಹಳ ಚೆನ್ನಾಗಿ ಹಿಡಿಯುತ್ತೆ" ಅಂದರು. ಐದು ನಿಮಿಷ ಕಳೆಯಿತು. ಇನ್ನೈದು ನಿಮಿಷ ದಾಟಿದರೆ ಗೆದ್ದೆ.

ಆಗ ಅಜ್ಜಿ ಟೀ ತಂದಳು.

ಎಂಟು ದಿನದಿಂದ ನಾನು ಮಾತಾಡುವಾಗ ನಡುವೆ ಅಜ್ಜಿ ಕಿಟಕಿಯ ಹತ್ತಿರ ಬಂದು, ಪರದೆ ಸ್ವಲ್ಪ ಸರಿಸಿ, ಒಂದು ಲೋಟ ಟೀ ಒಳಗಿಟ್ಟು ಹೋಗುವುದು ರೂಢಿಯಾಗಿಬಿಟ್ಟಿತ್ತು. ಅವತ್ತು ಎರಡು ಲೋಟ ಹಿಡಿದು ಬಂದಳು. ಒಂದನ್ನು ಸಾಹೇಬರ ಕೈಗೆ ಕೊಟ್ಟಳು. ಇನ್ನೊಂದನ್ನು ನೆಟ್ಟಗೆ ತಂದು ರೇಡಿಯೋ ಪೆಟ್ಟಿಗೆಯೊಳಗೆ ಇಟ್ಟಳು. ಕೈಗೆ ಬಂದ ಲೋಟವನ್ನು ಬೇಡ ಅನ್ನುವ ಅಭ್ಯಾಸ ನನಗಿಲ್ಲ. ಕಾಲುರೋಗ ನಿಂತಿತು. ಪೆಟ್ಟಿಗೆಯಿಂದ ಸೊರ್ ಅಂತ ಸದ್ದು ಬಂತು.

ಸಾಹೇಬರು ತಮ್ಮ ಲೋಟವನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡಿದ್ದರು. "ಅಜ್ಜಿ, ರೇಡಿಯೋ ಟೀ ಕುಡಿಯುತ್ತಾ?"

ಅಜ್ಜಿ, "ಅಷ್ಟೊತ್ತಿಂದ ಒದರ್ತಾ ಐತಲ್ರಿ ಸಾಹೇಬ್ರೆ, ಗಂಟ್ಲು ಒಣಗಲ್ವಾ?" ಅಂದಳು.

ಚೇರ್ಮನ್ನರು ನೆಲ ನೋಡಿದರು. ತಾತ ಕುರಿ ಎಣಿಸತೊಡಗಿದ. ಸಾಹೇಬರು ನಿಧಾನವಾಗಿ ಎದ್ದು ಕಿಟಕಿಯ ಹತ್ತಿರ ಬಂದರು. ಪರದೆ ಸರಿಸಲಿಲ್ಲ. ಬಹಳ ಸಾದಾ ದನಿಯಲ್ಲಿ, "ನಮ್ಮ ಜೀಪ್ ಡ್ರೈವರ್ ಎಲ್ಲಿ ಹೋದ, ಗೊತ್ತಾ?" ಅಂದರು.

ಎಂಟು ದಿನದ ಅಭ್ಯಾಸ. ಕೇಳಿದವರಿಗೆ ಉತ್ತರ ಕೊಡುವುದು ನಮ್ಮ ಸ್ಟೇಷನ್ನಿನ ನೇಮ. ಕೋಣೆಯ ಹಿಂದಿನ ಬಾಗಿಲಿಂದ ಎಲ್ಲ ಕಾಣುತ್ತಿತ್ತು ಬೇರೆ. ಬಾಯಿಂದ ತಾನಾಗೇ ಬಂತು: "ಹೋಟ್ಲಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂತಾ ಅವ್ನೆ ಸಾರ್. ಎರಡನೇ ಪ್ಲೇಟು."

ಹೇಳಿದ ಮೇಲೆ ನನಗೆ ಅರ್ಥವಾಯಿತು. ಅಗುಳಿ ತೆಗೆದು, ಲೋಟ ಹಿಡಿದುಕೊಂಡೇ ಹೊರಗೆ ಬಂದೆ. ಉಡಿದಾರದಿಂದ ಬೀಗದ ಕೈ ಬಿಚ್ಚಿ ಸಾಹೇಬರ ಮುಂದೆ ಹಿಡಿದೆ. "ಸೆಟ್ಟು ದುರ್ಗದಲ್ಲಿ ರಿಪೇರಿಗೆ ಐತೆ ಸಾರ್. ಹೇಳಿದ್ರೆ ಹಿರೇಗುಂಟನೂರಿಗೆ ಕೊಡ್ತೀರಿ ಅಂತ ಹೇಳ್ಲಿಲ್ಲ."

ಅಜ್ಜಿ ನಡುವೆ ಬಂದಳು. "ಡಬ್ಬಿ ಬೇಕಾದ್ರೆ ಅವರಿಗೆ ಕೊಡ್ರಿ ಸಾಹೇಬ್ರೆ. ಇವನ್ನ ಮಾತ್ರ ಬಿಟ್ಟೋಗ್ರಿ. ಡಬ್ಬಿಗೆ ನನ್ನ ಕೋಳಿ ಹುಡುಕಕ್ಕೆ ಬರಲ್ಲ."

ಸಾಹೇಬರು ಬಯಲಲ್ಲಿ ಕೂತ ಎರಡೂ ಕೇರಿಯ ಜನರನ್ನು ಒಂದು ಕಡೆಯಿಂದ ನೋಡುತ್ತಾ ಬಂದರು. ಹಾಜರಿ ಪುಸ್ತಕ ತರಿಸಿದರು. ಪೆನ್ನು ತೆಗೆದು ತಪಾಸಣೆಯ ಕಾಲಂನಲ್ಲಿ ಏನೋ ಬರೆದು, ಸಹಿ ಹಾಕಿ, ಬೀಗದ ಕೈಯನ್ನು ಪುಸ್ತಕದ ಮೇಲಿಟ್ಟು ನನಗೇ ಕೊಟ್ಟರು. ಜೀಪು ಹತ್ತಿ ಹೋಗಿಯೇಬಿಟ್ಟರು.

ಪುಸ್ತಕ ಬಿಚ್ಚಲು ನನಗೆ ಧೈರ್ಯ ಬರಲಿಲ್ಲ. ಚೇರ್ಮನ್ನರೇ ಕಿತ್ತುಕೊಂಡು ಎಲ್ಲರಿಗೂ ಕೇಳುವಂತೆ ಓದಿದರು:

'ಸೆಟ್ಟು ಸುಸ್ಥಿತಿಯಲ್ಲಿದೆ. ಈ ಗ್ರಾಮದಲ್ಲೇ ಮುಂದುವರಿಸುವುದು. ಬ್ಯಾಟರಿ ಬೇಕಾಗಿಲ್ಲ, ದಿನಕ್ಕೆ ಒಂದು ಲೋಟ ಟೀ ಸಾಕು.'