ನಮ್ಮ ಓಣಿಯ ದುಃಖಕ್ಕೆ ಎರಡು ಗುಂಪು

ನಮ್ಮ ಮೊಮ್ಮಗಳಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಬೇರೆಯವರ ತಲೆಯೊಳಗೆ ಏನಿದೆ ಎಂದು ನೋಡಲು ಹೊರಟವಳು, ತನ್ನದನ್ನು ಮನೆಯಲ್ಲೇ ಮರೆತು ಹೋಗುತ್ತಾಳೆ, ಅಷ್ಟೆ!

ಅವಳು ಓದುವುದು ಮನಃಶಾಸ್ತ್ರ. ನಮ್ಮೂರು ವಾಡಿಯಿಂದ ದಿನಾ ರೈಲು ಹತ್ತಿ ಕಲಬುರಗಿಗೆ ಹೋಗುತ್ತಾಳೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ತಿಳಿದದ್ದು ಇಷ್ಟು: ಯಾವುದರಿಂದ ಏನಾಯಿತು ಎಂದು ಖಾತ್ರಿಯಾಗಬೇಕಾದರೆ ಎರಡು ಗುಂಪು ಬೇಕು. ಒಂದಕ್ಕೆ ಮಾಡಬೇಕು, ಇನ್ನೊಂದಕ್ಕೆ ಮಾಡಬಾರದು. ಈ ವಿದ್ಯೆ ಮೊದಲು ನನ್ನ ಒಲೆಯ ಮುಂದೆಯೇ ನಡೆಯಿತು. ಅರ್ಧ ಜೋಳದ ಹಿಟ್ಟಿಗೆ ಬಿಸಿನೀರು, ಅರ್ಧಕ್ಕೆ ತಣ್ಣೀರು. ತಣ್ಣೀರಿನ ರೊಟ್ಟಿ ಬಡಿಯುವಾಗಲೇ ಹರಿದು ಚೂರಾದವು.

"ನನ್ನ ಕೇಳಿದ್ರ ಹೇಳ್ತಿದ್ದಿಲ್ಲೇನ?" ಎಂದೆ.

"ನೀ ಹೇಳಿದ್ದು ಪುರಾವೆ ಆಗಂಗಿಲ್ಲ, ಆಯಿ."

"ಹಂಗಾರ ಆ ಪುರಾವಿ ನೀನೇ ತಿನ್ನು!"

ನಗಬೇಡಿ. ಎರಡು ವರ್ಷದ ಹಿಂದೆ, ನೆಲಕ್ಕೆ ಹಾಸುವ ಫರ್ಸಿಕಲ್ಲು ತುಂಬಿದ ಲಾರಿ ಪಲ್ಟಿಯಾಗಿ ನನ್ನ ಮಗ, ಅಂದರೆ ಇವಳ ಅಪ್ಪ, ಸತ್ತ. ಹುಡುಗಿ ಅಳಲಿಲ್ಲ. ಅವನ ಹೆಸರೂ ಎತ್ತಲಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಿದ್ದಳು. ಇಂಥವಳು ಸಂಶೋಧನೆಗೆ ಆರಿಸಿಕೊಂಡದ್ದೇನು ಗೊತ್ತೇ? ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಂಗಸರ ಹತ್ತಿರ ಕೂತು, ಸತ್ತವರ ಮಾತು ಆಡಿಸಿದರೆ ದುಃಖ ಇಳಿಯುತ್ತದೆಯೋ ಇಲ್ಲವೋ!

ಕಲ್ಲಿನ ಖಣಿಗಳ ಊರು ನಮ್ಮದು. ಅಂಥ ಹೆಂಗಸರಿಗೇನು ಬರವೇ? ಹೆಸರುಗಳನ್ನೆಲ್ಲ ಚೀಟಿ ಮಾಡಿ, ಸ್ಟೀಲಿನ ಡಬ್ಬಿಯಲ್ಲಿ ಕುಲುಕಿ, ಅರ್ಧ ಜನರನ್ನು ಈಗ ಮಾತಾಡಿಸುವುದು, ಉಳಿದವರನ್ನು ದೀಪಾವಳಿ ಆದ ಮೇಲೆ ಎಂದು ಠರಾಯಿಸಿದಳು. ಮೊದಲು ಪ್ರತಿಯೊಬ್ಬರೂ ತಮ್ಮ ದುಃಖಕ್ಕೆ ಹತ್ತರಲ್ಲಿ ಅಂಕ ಹಾಕಬೇಕು. ಪಕ್ಕದ ಮನೆಯ ವಿಧವೆ ರಸೂಲ್‌ಬೀ ಯೋಚಿಸಲೇ ಇಲ್ಲ.

"ಹತ್ತಕ್ಕ ಹತ್ತು ಬರಕೋ, ಬೇಟಿ. ಜಲ್ಮದಾಗ ಒಮ್ಮಿಯಾದ್ರೂ ಪೂರಾ ಮಾರ್ಕ್ಸ್ ಬರ್ಲಿ!"

ಪೂರಾ ಮಾರ್ಕ್ಸ್ ಬಂದರೂ ಅವಳ ಚೀಟಿ ಬಂದದ್ದು ಕಾಯುವ ಗುಂಪಿಗೆ.

"ನನ್ನ ಹೆಸರೂ ಡಬ್ಬಿಗೆ ಹಾಕು" ಎಂದೆ.

"ಮನಿ ಮಂದಿ ನಡೆಯಂಗಿಲ್ಲ, ಆಯಿ."

ಸರಿ. ಊರವರ ಮಕ್ಕಳ ಸಾವು ಕೇಳಿ ಬರುತ್ತಿದ್ದಳು, ಕೈಕಾಲು ತೊಳೆದು ಉಣ್ಣುತ್ತಿದ್ದಳು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ನನ್ನ ಮಗನನ್ನು ಕೇಳುವವರು ಯಾರೂ ಇರಲಿಲ್ಲ.

ಹಬ್ಬಕ್ಕೆ ಮೊದಲು ಮತ್ತೆ ಅಂಕ ತೆಗೆದಳು. ಎರಡೂ ಗುಂಪಿನ ದುಃಖ ಸರಿಸಮ ಇಳಿದಿತ್ತು! ಮಾತಾಡಿಸದವರದು ಹೇಗೆ ಇಳಿಯಿತು? ವಿಚಾರಿಸಿದರೆ, ಎಲ್ಲ ಆದದ್ದು ನಳದ ಹತ್ತಿರ. ಇವಳ ಮುಂದೆ ಬಾಯಿ ಬಿಟ್ಟ ಹೆಂಗಸರು ಉಳಿದದ್ದನ್ನು ಕೊಡ ತುಂಬುವಾಗ ಕಾಯುವ ಗುಂಪಿನವರ ಮುಂದೆ ಬಿಚ್ಚಿದ್ದರು.

"ಖಾಲಾ, ಸದ್ಯಕ್ಕ ಮಾತು ಬ್ಯಾಡಂತ ಹೇಳಿದ್ದಿಲ್ಲೇನ್ರಿ?" ಎಂದು ಮೊಮ್ಮಗಳು ಕೂಗಾಡಿದಳು.

"ಮಾತೆಲ್ಲಿ, ಬೇಟಿ? ಆಕಿ ಅತ್ತಳು, ನಾನೂ ಅತ್ತೆ" ಎಂದಳು ರಸೂಲ್‌ಬೀ. "ಅಳಲಿಕ್ಕೂ ಪಾಳಿ ಹಚ್ಚಬೇಕೇನು?"

ಪ್ರಯೋಗ ಕೆಟ್ಟಿತು, ಹೊಸದಾಗಿ ಶುರು ಮಾಡು ಎಂದರಂತೆ ಗೈಡ್ ಮೇಡಂ. ಮೊಮ್ಮಗಳು ಕಟ್ಟೆಯ ಮೇಲೆ ಕೂತು ಹೊಸ ಲೆಕ್ಕ ಹೇಳಿದಳು. ಇನ್ನು ಓಣಿಯೊಳಗೆ ಚೀಟಿ ಇಲ್ಲ. ಒಂದೇ ನಳಕ್ಕೆ ಬರದ ಹಾಗೆ ಶಹಾಬಾದ ಊರು ಪೂರ್ತಿ ಮಾತಾಡುವ ಗುಂಪು, ಸೇಡಂ ಊರು ಪೂರ್ತಿ ಕಾಯುವ ಗುಂಪು.

"ಶಹಾಬಾದಿನ ತಾಯಿ ಸೇಡಮಿಗೆ ಕೊಟ್ಟ ಮಗಳಿಗೆ ಫೋನ್ ಹಚ್ಚಿ ಅತ್ತರ?" ಎಂದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಸೊಟ್ಟಗಾಯಿತು. ಎರಡು ವರ್ಷದ ಅಳು, ಓಣಿಯವರು ಹೊರಗೆ ಬಂದು ನೋಡುವ ಹಾಗೆ!

"ಓದು ಕೆಟ್ಟಿತಂತ ಅಳ್ಲಿಕತ್ತಿಯೋ, ಅಪ್ಪನ ಸಲುವಾಗಿಯೋ?"

"ತಿಳೀವಲ್ತು, ಆಯಿ" ಎಂದಳು. ಮೂಗು ಒರೆಸಿಕೊಂಡು ಕೇಳಿದಳು: "ಅಪ್ಪ ಸಣ್ಣಾಂವಿದ್ದಾಗ ಹ್ಯಾಂಗಿದ್ದ?"

"ಕೆಟ್ಟ ಹಟಮಾರಿ. ಸಾಲಿಗೆ ಕಳಿಸಿದ್ರ ಖಣಿ ನೀರಾಗ ಈಸಲಿಕ್ಕ ಹೋಗ್ತಿದ್ದ. ತೊಯ್ದ ಚಡ್ಡಿ ತಲಿ ಮ್ಯಾಲ ಒಣಗಿಸ್ಕೋತ ಬರ್ತಿದ್ದ…"

ಅವಳು ಅಳುತ್ತಲೇ ನಕ್ಕಳು. "ಮುಂದ?"

ಮುಂದಿನದು ಹೇಳಹೋದವಳು ಸೆರಗನ್ನು ಕಣ್ಣಿಗೆ ಒತ್ತಿಕೊಂಡೆ. ಅವಳು ಅವಸರ ಮಾಡಲಿಲ್ಲ. ಹತ್ತಿರ ಸರಿದು, ನನ್ನ ಕೈ ಹಿಡಿದುಕೊಂಡು ಕೂತಳು.